ಹಿನ್ನೆಲೆ ಸದ್ದು

ಫೋರ್ಟಿನ ನಮ್ಮ ರಾತ್ರಿಶಾಲೆಗೆ ಬೀಗ ಬೀಳುವ ಮುನ್ನ
ಹನ್ನೊಂದು ನಿಮಿಷದ ವಿಡಿಯೋ ಮಾಡೋಣವೆಂದವಳು ಜಲಜಾಕ್ಷಿ.
ಕ್ಯಾಮೆರಾ ಇಲ್ಲ, ಕಾಸಿಲ್ಲ,
ಎಲ್ಲರಿಗೂ ಒಟ್ಟಿಗೆ ರಜೆಯೆಂಬುದು
ಈ ಮುಂಬಯಿಯಲ್ಲಿ ಇನ್ನೂ ಹುಟ್ಟಿಲ್ಲ.
ಇದ್ದದ್ದು ಐದು ಫೋನು,
ಡೊಂಬಿವಲಿಯಲ್ಲಿ ಬಿಸಿಯೇರಿ ನರಳುವ ನನ್ನ ಲ್ಯಾಪ್‌ಟಾಪು,
ಮತ್ತೆ ಎಲ್ಲರೂ ತೆರೆದು ಬರೆಯಬಹುದಾದ ಒಂದು ಶೀಟು.

ಅಡ್ಡಕ್ಕೆ ಗೆರೆ, ಉದ್ದಕ್ಕೆ ಗೆರೆ, ಹಾಜರಿ ಪುಸ್ತಕದ ಹಾಗೆ:
ಯಾವ ಶಾಟು, ಯಾರು ತೆಗೀತಾರೆ,
ಹಿನ್ನಲೆ ಸದ್ದು, ಆಯಿತೇ.

ಮುಲುಂಡಿನ ಹೋಟೆಲ ಗಲ್ಲೆಯಲ್ಲಿ ಕೂತ ತ್ಯಾಂಪಣ್ಣ
ಚಿಲ್ಲರೆ ಕೊಡುತ್ತಲೇ ಒಂದೊಂದು ಮನೆ ತುಂಬುತ್ತಾನೆ.
ಮಸ್ಜಿದ್ ಬಂದರಿನ ಗಫೂರ ಹಳೇ ಫೋಟೋಗಳನ್ನು
ಕಿಟಕಿಯ ಬೆಳಕಿಗಿಟ್ಟು ಫೋನಿನಲ್ಲೇ ಹಿಡಿಯುತ್ತಾನೆ.
ಧಾರಾವಿಯ ಕಟ್ಟೀಮನಿಯ ಹೆಬ್ಬೆರಳಿಗೆ ಸದಾ ಅಂಟು,
ಟೈಪು ಆಗದು. ದನಿ ಕಳಿಸುತ್ತಾನೆ;
ಚರ್ಮಕ್ಕೆ ಹೊಲಿಗೆ ಬೀಳುವ ಗದ್ದಲದಿಂದ
ಅವನ ಮಾತು ಹೆಕ್ಕಿ ನಾನು ಸಾಲಿಗೆ ಇಳಿಸುತ್ತೇನೆ.

ಮೊದಮೊದಲು ಬರೀ ಗೊಂದಲ.
ಫೈನಲ್, ಫೈನಲ್ ಎರಡು,
ಇದೇ ಫೈನಲ್, ದೇವರಾಣೆ ಫೈನಲ್.
ನಾಲ್ಕರಲ್ಲಿ ಮೂರಕ್ಕೆ ದನಿಯೇ ಇಲ್ಲ.
ಜಲಜಾಕ್ಷಿ ಕಾನೂನು ಹಾಕಿದಳು:
ತಾರೀಖು, ಶಾಟಿನ ನಂಬರು, ತೆಗೆದವರ ಹೆಸರು.
ದೇವರನ್ನು ಬಿಟ್ಟುಬಿಡಿ.

ತ್ಯಾಂಪಣ್ಣನದು ಮಾತ್ರ ಎಲ್ಲ ಉದ್ದುದ್ದ.
ಫೋನು ಅಡ್ಡ ಹಿಡಿಯೋ ಮಾರಾಯ ಎಂದರೆ
ಮನುಷ್ಯ ನಿಲ್ಲೋದು ಉದ್ದಕ್ಕಲ್ವಾ, ಅಂತಾನೆ.
ಮೇಲಿಷ್ಟು ಕೆಳಗಿಷ್ಟು ಕತ್ತರಿಸಿ ಕೂರಿಸಿದೆ.

ಒಂದು ರಾತ್ರಿ ಹತ್ತೂಕಾಲಿಗೆ,
ನಮಗೆ ಕೊನೆಯ ಗಂಟೆ ಹೊಡೆಯುತ್ತಿದ್ದ ಹೊತ್ತು,
ಶೀಟಿನ ಮೂಲೆಯಲ್ಲೊಂದು ಆಮೆ ಕಂಡಿತು.
ಹೆಸರು ಹೇಳದೆ ಒಳಬಂದವರಿಗೆ
ಅದು ತಾನೇ ಒಂದು ಪ್ರಾಣಿಯ ಹೆಸರಿಡುತ್ತದೆ:
ಅನಾಮಿಕ ಆಮೆ.
ಸಾಲಿಂದ ಸಾಲಿಗೆ ಮೆಲ್ಲಗೆ ಸರಿದು ಹೋಯಿತು.
ಬೆಳಿಗ್ಗೆ ನೋಡಿದರೆ ನನ್ನ ‘ಹಿನ್ನಲೆ’ಯ ನಕಾರಕ್ಕೆ
ಎತ್ವ ಬಂದಿತ್ತು.

ಕಾರ್ಕಡ ಮಾಸ್ತರೇ, ಎಂದ ತ್ಯಾಂಪಣ್ಣ
ಕಿವಿ ಮುಟ್ಟಿ ನೋಡಿಕೊಂಡು.
ಮಾಸ್ತರಿಗೆ ಎಂಬತ್ತಾರು. ವಿರಾರಿನ ಮಗಳ ಮನೆಯಲ್ಲಿ
ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದಾರೆ.

ಇಪ್ಪತ್ತಮೂರನೆಯ ಸಾಲು: ಖಾಲಿ ಕರಿಹಲಗೆ.
ಸದ್ದಿನ ಮನೆಯಲ್ಲಿ ನಾನು ‘ಕೊಳಲು’ ಎಂದು ಬರೆದಿದ್ದೆ.
ಮರುರಾತ್ರಿ ಪಕ್ಕದಲ್ಲಿ ಹೀಗಿತ್ತು:
ಕೊಳಲು ಬೇಡ. ಹುಡುಗರು ಲೋಟ ತೊಳೆದ ಕೈಯಲ್ಲೇ
ಓಡಿ ಬರ್ತಿದ್ದರು. ಚಾಕ್‌ಪೀಸು ಒದ್ದೆಯಾದರೆ
ಬರೆದದ್ದು ಕೂಡಲೇ ಕಾಣೋದಿಲ್ಲ.
ಒಣಗಿದ ಮೇಲೆ ಮೂಡ್ತದೆ. ಅಷ್ಟು ಹೊತ್ತು ಎಲ್ಲರೂ ಕಾಯೋರು.
ಅದರ ಸದ್ದು ಹಾಕಿ.

ಒಣಗುವುದಕ್ಕೆ ಎಂಥ ಸದ್ದು?
ದನಿಯನ್ನು ಸೊನ್ನೆಗಿಳಿಸಿದೆ. ಸ್ಪೀಕರು ಕೆಟ್ಟ ಹಾಗಿತ್ತು.
ಭಾನುವಾರ ಕಟ್ಟೀಮನಿ ಹೋಗಿ, ಬಾಗಿಲು ಹಾಕಿ,
ಬೆಂಚಿನ ಮೇಲೆ ಫೋನಿಟ್ಟು
ಖಾಲಿ ಕೋಣೆಯ ಒಂದು ನಿಮಿಷ ಹಿಡಿದು ತಂದ:
ಫ್ಯಾನಿನ ಕಿರುಗು, ಪಾರಿವಾಳ, ಎಲ್ಲೋ ಒಂದು ಲೋಕಲ್ಲು,
ತಡೆದು ತಡೆದು ಬಿಟ್ಟ ಅವನದೇ ಉಸಿರು.
ಅದನ್ನು ಹಾಸಿದೆ. ಹಲಗೆ ಕಾಯತೊಡಗಿತು.

ಕೃತಜ್ಞತೆಯ ಸಾಲಿನಲ್ಲಿ ಕೇಳಿದೆ: ನಿಮ್ಮ ಹೆಸರು?
ಹತ್ತೂಕಾಲಿಗೆ ಆಮೆ ಬಂದು ಆ ಮನೆಯಲ್ಲಿ ಬಹಳ ಹೊತ್ತು ನಿಂತಿತು.
ಬರೆಯಿತು, ಅಳಿಸಿತು, ಮತ್ತೆ ಬರೆಯಿತು:
ಬಾಗಿಲ ಹೊರಗಿನ ಸ್ಟೂಲು.

ಗಂಟೆ ಹೊಡೆಯುತ್ತಿದ್ದವರು!
ನಾಲ್ಕು ವರ್ಷ ಆ ಸ್ಟೂಲು ದಾಟಿಯೇ ಒಳಗೆ ಹೋದದ್ದು ನಾನು.
ಐವರಲ್ಲಿ ಒಬ್ಬರಿಗೂ ಅವರ ಹೆಸರು ಗೊತ್ತಿಲ್ಲ.
ಬಾಗಿಲು ಹಾಕಿದರೂ
ಕಾಗುಣಿತ ಸಂದಿಯಿಂದ ಹೊರಗೆ ಹೋಗುತ್ತಿತ್ತೇನೋ.

ಇನ್ನೂರ ಹನ್ನೆರಡು ತುಣುಕು ತಿರುವಿದೆ.
ಬೆಂಚಿದೆ, ನಳವಿದೆ, ಮೆಟ್ಟಿಲಿದೆ. ಸ್ಟೂಲಿಲ್ಲ.
ಕೊನೆಗೆ ತ್ಯಾಂಪಣ್ಣನ ಉದ್ದನೆಯ ಬಾಗಿಲಲ್ಲಿ,
ಬೇಡವೆಂದು ನಾನೇ ಮರೆಮಾಡಿದ ಕೆಳಗಿನ ಭಾಗದಲ್ಲಿ...
ಚೌಕಟ್ಟನ್ನು ಎರಡು ಬೆರಳು ಇಳಿಸಿದೆ.
ಮೂರು ಕಾಲು ಕಾಣುತ್ತವೆ. ನಾಲ್ಕನೆಯದು ಗೋಡೆಯಾಚೆ.

‘ಆಯಿತೇ’ ಎಂಬ ಮನೆಯನ್ನು ಖಾಲಿ ಬಿಟ್ಟು ಕೂತಿದ್ದೇನೆ.
ಹತ್ತೂಕಾಲಿಗೆ ಇನ್ನು ಎಂಟು ನಿಮಿಷ.