ಮುಟ್ಟಬೇಡಿ, ದಯವಿಟ್ಟು

ಎರಡು ಹ್ಯಾಡಕ್ ಮೀನಿಗೆ ಇನ್ನೆರಡು ಸೇರಿಸಿದರೆ
ನಾಲ್ಕಾಗಬೇಕಿತ್ತು, ಇಪ್ಪತ್ತೆರಡಾಗಿದೆ.
ಹಂಬರ್ ನದಿಯಾಚೆ, ಹಲ್‌ನ ಒಬ್ಬ ಮುದುಕಿಯ ಬಾಗಿಲಿಗೆ
ಸೋಮವಾರ ಇಪ್ಪತ್ತೆರಡು ಹೊಗೆಮೀನು ಬಂದು ಕೂತಿವೆ.
ಆಕೆಗಿರುವುದೋ ಒಂದೇ ಬೆಕ್ಕು.

ಗ್ರಿಮ್ಸ್‌ಬಿ ಬಂದರಿನ ಹಿಂದಿನ ಬೀದಿಯಿಂದ
ಕೆನ್ನೆತ್ ಬ್ಲಾಂಚರ್ಡ್ ಫೋನು ಮಾಡಿ
ಆಂಬರ್, ಅಂಗಡಿಗೆ ದೆವ್ವ ಹೊಕ್ಕಿದೆ ಅಂದರು.
ಅಂಬುಜಾಕ್ಷಿ ಅವರ ಬಾಯಲ್ಲಿ ಅಷ್ಟಕ್ಕೇ ನಿಲ್ಲುತ್ತಾಳೆ.
ಇರಲಿ, ಇನ್‌ವಾಯ್ಸಿನಲ್ಲಿ ಪೂರ್ತಿ ಹೆಸರು ಹಾಕುತ್ತೇನೆ.

ದೆವ್ವವಲ್ಲ ಅದು. ಅಂಕಿಯನ್ನು
ಅಕ್ಷರವೆಂದು ಓದಿಕೊಂಡಿದೆ ಯಂತ್ರ.
ಎರಡರ ಪಕ್ಕ ಎರಡನ್ನು ಕೂರಿಸಿ
ಕೈ ತೊಳೆದುಕೊಂಡಿದೆ.
ಒಂದನೇ ಕ್ಲಾಸಿನಲ್ಲಿ ನಾನೂ ಹೀಗೇ ಬರೆದಿದ್ದೆ,
ಸ್ಲೇಟು ಒರೆಸಿದರಾಯಿತು ಆಗ.

ಈಗ ಒರೆಸುವ ಮೊದಲು
ಒರೆಸುವ ಸಾಧನವನ್ನು ಇನ್‌ಸ್ಟಾಲ್ ಮಾಡಬೇಕು.
ಅದಕ್ಕೆ ಇನ್ನೊಂದು ಬೇಕು, ಆ ಇನ್ನೊಂದಕ್ಕೆ
ಒಂಬೈನೂರ ಹನ್ನೆರಡು ಪ್ಯಾಕೇಜು,
ಯಾರೋ ಎಲ್ಲೋ ಬರೆದು ಬಿಟ್ಟುಹೋದವು.
ಮದುವೆಮನೆ ಮುಂದೆ ಬಸ್ಸಿನಿಂದ ನೆಂಟರಿಳಿದ ಹಾಗೆ
ಇಳಿಯುತ್ತಲೇ ಇರುತ್ತವೆ. ಕೆಲವರ ಗುರುತೇ ಇಲ್ಲ,
ಎಲೆ ಮಾತ್ರ ಎಲ್ಲರಿಗೂ ಹಾಕಬೇಕು.

ಕುಣಿಯಲಾರದವಳಿಗೆ ನೆಲ ಡೊಂಕು ಅನ್ನುತ್ತಾರೆ.
ಒಪ್ಪಿದೆ. ಆದರೆ ಇಲ್ಲಿ
ನಾನು ಮಲಗಿದ ಮೇಲೆ ಯಾರೋ ಬಂದು
ನೆಲವನ್ನೇ ಕಿತ್ತು ಹೊಸದು ಹಾಸುತ್ತಾರೆ.
ಬೆಳಗ್ಗೆ ಎದ್ದು ಕಾಲಿಟ್ಟರೆ ಜಾರುತ್ತದೆ.
ಗೋಡೆಗೆ ಚೀಟಿ ಅಂಟಿಸಿರುತ್ತಾರೆ:
ಇದು ಮೊದಲಿಗಿಂತ ವೇಗ.

ಕೆನ್ನೆತ್ ಅವರ ಚಾಕು ನೋಡಿದ್ದೇನೆ.
ಮೂವತ್ತೊಂಬತ್ತು ವರ್ಷ ಮಸೆದೂ ಮಸೆದೂ
ಅಲಗು ಬಿದಿರೆಲೆಯಷ್ಟಾಗಿದೆ,
ಹಿಡಿಯ ಮರದಲ್ಲಿ ಅವರ ಹೆಬ್ಬೆರಳಿನ ಹಳ್ಳ.
ಒಮ್ಮೆ ಕೊಡಿ ಎಂದು ಹಿಡಿದುಕೊಂಡೆ,
ನನ್ನ ಬೆರಳು ಅದರಲ್ಲಿ ಕೂರಲಿಲ್ಲ.
ಸವೆಯುವಷ್ಟು ಆಯಸ್ಸು ನನ್ನ ಯಾವ ಸಾಧನಕ್ಕೂ ಇಲ್ಲ.
ಸವೆದದ್ದೇನಾದರೂ ಇದ್ದರೆ
ಕೀಬೋರ್ಡಿನ ಒಂದೇ ಗುಂಡಿ, ಅಳಿಸುವುದು.

ರಾತ್ರಿ ಹನ್ನೊಂದು. ಹೀಟರು ಕಟಕಟ ಅನ್ನುತ್ತಿದೆ.
ಕಡಲಹಕ್ಕಿಗಳು ಕಸದ ಚೀಲಕ್ಕೆ ಜಗಳವಾಡುತ್ತಿವೆ.
ಹಳೆಯ ಫೈಲಿನ ತಳದಲ್ಲಿ
ನನಗಿಂತ ಮುಂಚೆ ಇಲ್ಲಿ ದುಡಿದ ಯಾರೋ
ಟಿಪ್ಪಣಿ ಬಿಟ್ಟಿದ್ದಾರೆ, ಹದಿಮೂರು ವರ್ಷದ ಹಿಂದೆ:
ಇದನ್ನು ಮುಟ್ಟಬೇಡಿ, ದಯವಿಟ್ಟು.
ಯಾಕೆ ನಡೆಯುತ್ತಿದೆಯೋ ನನಗೂ ಗೊತ್ತಿಲ್ಲ.
ಡೆಸ್. ಮುಂಜಾನೆ ನಾಲ್ಕು. ಆಸ್ಪತ್ರೆಗೆ ಹೊರಟೆ, ಹೆರಿಗೆ.

ಕೇಳಿದರೆ ಕೋಡು ಬರೆದುಕೊಡುವ ಹೊಸ ಸಹಾಯಕನನ್ನೂ ಕೇಳಿದೆ.
ತಪ್ಪು ಇಲ್ಲೇ ಇದೆಯೆಂದು ಡೆಸ್‌ನ ಸಾಲು ತೋರಿಸಿ
ಮೂವತ್ತನ್ನು ಅಳಿಸಿ ಹನ್ನೆರಡರಲ್ಲಿ ಮುಗಿಸಿತು.
ಅಲ್ಲ ಅಂದೆ. ಕ್ಷಮಿಸಿ, ನೀವು ಹೇಳಿದ್ದೇ ಸರಿ ಎಂದಿತು.
ಹೌದು ಅಂದಿದ್ದರೂ ಹಾಗೇ ಅನ್ನುತ್ತಿತ್ತು.
ನಾಲ್ಕು ಗಂಟೆಗೆ ಹೆರಿಗೆಗೆ ಓಡಿದ ಅನುಭವ ಅದಕ್ಕಿಲ್ಲ.
ನನಗೂ ಇಲ್ಲ, ಬಿಡಿ.

ಕೆಲಸ ಬಿಟ್ಟು ಲೆಕ್ಕ ಹಾಕತೊಡಗಿದೆ.
ಆ ಮಗುವಿಗೆ ಈಗ ಹದಿಮೂರು.
ಹಲ್ಲಿಗೆ ತಂತಿ ಹಾಕಿಸಿಕೊಂಡಿರಬಹುದು,
ಅಪ್ಪನ ಜತೆ ಮಾತು ಬಿಟ್ಟಿರಬಹುದು,
ಅಥವಾ, ಬೇಡ, ಅದನ್ನು ಯೋಚಿಸಲಾರೆ.
ಡೆಸ್, ನಿಮ್ಮ ಕೋಡು ಚೆನ್ನಾಗಿಲ್ಲ.
ಒಂದೇ ಅಕ್ಷರದ ಹೆಸರುಗಳು, ಒಂದರೊಳಗೊಂದು ಏಳು ಷರತ್ತು.
ಆದರೂ ಹದಿಮೂರು ವರ್ಷ ಮೀನು ಮಾರಿದೆ ಅದು.
ಎಡವಿದ್ದು ನಿಮ್ಮ ಸಾಲಿನಲ್ಲಲ್ಲ,
ಚೆಂದ ಮಾಡಲು ಹೋಗಿ ಕಳೆದ ವಾರ
ನಾನು ತಿದ್ದಿದ ಸಾಲಿನಲ್ಲಿ.

ಕೆನ್ನೆತ್ ಅವರಿಗೆ ಹೇಳಬೇಕು. ಹೇಳುತ್ತೇನೆ.
ತಿದ್ದಿದ್ದು ಒಂದು ಪದ, ಹುಡುಕಿದ್ದು ಆರು ಗಂಟೆ.
ಬಿಲ್ಲಿನಲ್ಲಿ ಆರು ಎಂದು ಬರೆದೆ, ಅಳಿಸಿದೆ. ಸೊನ್ನೆ ಬರೆದೆ.
ಬಾಡಿಗೆ ನೆನಪಾಯಿತು. ಎರಡು ಮಾಡಿ
ಆ ಎರಡು ಅಂಕಿಯೇ ಹೌದೇ ಎಂದು ಇನ್ನೊಮ್ಮೆ ನೋಡಿದೆ.

ಫೈಲು ಮುಚ್ಚುವ ಮುಂಚೆ ಡೆಸ್‌ನ ಟಿಪ್ಪಣಿಯ ಕೆಳಗೆ
ಕನ್ನಡದಲ್ಲಿ ಒಂದು ಸಾಲು ಹಾಕಿದೆ,
ಯಂತ್ರ ಓದದೆ ದಾಟಿಹೋಗುವ ಸಾಲು:
ಮುಟ್ಟಿಲ್ಲ. ಮಗು ಹೇಗಿದೆ?