ಅಳತೆ ಪುಸ್ತಕ

ವಿರಾಜಪೇಟೆಯ ಗಡಿಯಾರ ಕಂಬದಿಂದ ಏಳನೆಯ ಅಂಗಡಿ ನನ್ನದು.
ಅಳತೆ ಪುಸ್ತಕದ ಮುಂದಿನಿಂದ ಎದೆ, ಸೊಂಟ, ತೋಳು,
ಹಿಂದಿನಿಂದ ತಿರುವಿದರೆ
ಬೆಕ್ಕುಗಳು.

ಬಾಬಿನ್. ಆರು ವಾರ.
ಎದುರು ಮಂಡಿಯ ಕರಿಮೆಣಸಿನ ತಕ್ಕಡಿಯಲ್ಲಿ
ಆರುನೂರ ಐವತ್ತು ಗ್ರಾಂ,
ಒದ್ದಾಡಿದ್ದನ್ನು ಕಳೆದು.
ಬಟ್ಟಲಲ್ಲಿ ಹಾಲು, ಬಟ್ಟಲ ಮುಂದೆ ಬೆಕ್ಕು:
ಒಂದನೇ ಕ್ಲಾಸಿನ ಗೋಡೆಯ ಚಿತ್ರ ನೋಡಿ ಕಲಿತವಳು ನಾನು,
ಹಾಗೇ ಇಟ್ಟೆ.
ಮರುದಿನ ಪೂಣಚ್ಚನವರ ಕುಪ್ಯದ ಒಳಮಡಿಕೆಯಲ್ಲಿ
ಉತ್ತರ ಸಿಕ್ಕಿತು.
ಪುತ್ತರಿಗೆ ಇನ್ನು ಮೂರೇ ದಿನ.
"ಹಸುವಿನ ಹಾಲು ಕರುವಿಗೆ, ಫಿಲೋಮಿನಾ,"
ಅಂದರು ದೇಚಮ್ಮ ಡಾಕ್ಟರು, ತಲೆ ಎತ್ತದೆ.
ಈಗ ಮರಿಗಳ ಆಹಾರವನ್ನು ಬಿಸಿನೀರಲ್ಲಿ ನೆನೆಸಿ
ದಿನಕ್ಕೆ ನಾಲ್ಕು ಸಲ, ಚಮಚದಷ್ಟು ಚಮಚದಷ್ಟು.
ಕಾಲು ಬಟ್ಟಲೊಳಗೆ, ಮೂಗು ಬಟ್ಟಲೊಳಗೆ,
ಹೊಟ್ಟೆಗೆ ಹೋಗುವುದು ಉಳಿದದ್ದು.

ತಾಯಿ ಕತ್ತರಿಗೂ ಮರಿಯ ಡಬ್ಬದ್ದೇ ಹಾಕಬೇಕಂತೆ,
ಕೇಳಿದಷ್ಟು, ಕೇಳಿದಾಗ.
ಮೊದಲು ನಗು ಬಂತು.
ಆಮೇಲೆ ಅವಳ ಬೆನ್ನ ಮೇಲೆ ಕೈಯಿಟ್ಟೆ:
ಮಣಿ ಮಣಿಯಾಗಿ ಮೂಳೆ.
ಬೆಳೆಯುವ ಹುಡುಗಿಯ ಲಂಗಕ್ಕೆ
ಎರಡಿಂಚು ಒಳಗೆ ಮಡಚಿ ಹೊಲಿಯುತ್ತೇವಲ್ಲ,
ಆ ಎರಡಿಂಚನ್ನು ಇವಳು ತನ್ನ ಮೈಯಿಂದಲೇ
ಬಿಚ್ಚಿ ಕೊಟ್ಟಿದ್ದಾಳೆ.

ಸುಬ್ಬನಿಗೆ ನಾಲ್ಕು ವರ್ಷ. ಆಪರೇಷನ್ ಆಗಿದೆ,
ಬೇಲಿ ಹಾರುವ ಕೆಲಸವಿಲ್ಲ, ತಿನ್ನುವುದೊಂದೇ.
ಲೋಟಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದೇನೆ.
ಅವನು ಗೆರೆ ಓದುವುದಿಲ್ಲ,
ನನ್ನ ಮುಖ ಓದುತ್ತಾನೆ.

ಇನ್ನು ದೊರೆ.
ಹದಿನೈದು ವರ್ಷದ ಹಿಂದೆ, ಅಂಗಡಿಯ ಬಾಗಿಲು ತೆರೆದ ದಿನ,
ಮೊದಲ ಗಿರಾಕಿಗಿಂತ ಮೊದಲು ಬಂದು
ಮೆಷಿನ್ನಿನ ಪೆಡಲಿನ ಮೇಲೆ ಕೂತವನು.
ನಾನು ತುಳಿದೆ, ಅವನು ತೂಗಿದ.
ಈಗ ಹಲ್ಲು ನಾಲ್ಕು. ಕಿಡ್ನಿ ಅರ್ಧ.
ಮೆತ್ತನೆಯದು, ತೇವದ್ದು, ಉಪ್ಪು ಬೇಡವೇ ಬೇಡ,
ನಾಲ್ಕು ಮೂಲೆಯಲ್ಲಿ ನೀರು.
ಪಾಕೀಟಿಗೆ ತೊಂಬತ್ತು ರೂಪಾಯಿ,
ಒಂದು ಬ್ಲೌಸಿನ ಹೆಮ್ಮಿಂಗು.
ಮೂಸುತ್ತಾನೆ. ನನ್ನನ್ನು ನೋಡುತ್ತಾನೆ.
ಇಲ್ಲದ ಮಣ್ಣನ್ನು ಅದರ ಮೇಲೆ ಕೆರೆದು ಮುಚ್ಚಿ
ಹೋಗುತ್ತಾನೆ.

ಬೆಳಿಗ್ಗೆ ಕುಂಞಿಮೊಯ್ದು ಹಾರ್ನ್ ಹೊಡೆಯುತ್ತಾನೆ,
ಮಾಕುಟ್ಟ ಘಾಟಿ ಹತ್ತಿ ಬಂದ ಮತ್ತಿ ಮೀನು, ಐಸು ಸೋರುವ ಪೆಟ್ಟಿಗೆ.
ಸುಬ್ಬ ಓಡುತ್ತಾನೆ, ಕತ್ತರಿ ಓಡುತ್ತಾಳೆ,
ಏನೆಂದು ಗೊತ್ತಿಲ್ಲದೆ ಬಾಬಿನ್ನೂ ಓಡುತ್ತದೆ.
ದೊರೆಯ ಒಂದು ಕಿವಿ ಮಾತ್ರ
ಆ ಕಡೆ ತಿರುಗಿ, ವಾಪಸು ಬರುತ್ತದೆ.

ಮೂರನೆಯ ರಾತ್ರಿ ನಾನು ತಪ್ಪು ಮಾಡಿದೆ.
ಭರಣಿಯ ತಳದಿಂದ ಒಂದು ಒಣಮೀನು ತೆಗೆದು
ಮೂರು ನೀರಲ್ಲಿ ತೊಳೆದು, ನಾಲ್ಕನೆಯದರಲ್ಲಿ ನೆನೆಸಿ,
ಮುಳ್ಳು ಒಂದೊಂದಾಗಿ ಬಿಡಿಸಿ
(ಸೂಜಿಗೆ ನೂಲು ಪೋಣಿಸಲು ಈಗ ಪಕ್ಕದ ಹುಡುಗಿಯನ್ನು ಕರೆಯುವವಳು,
ಮುಳ್ಳು ಮಾತ್ರ ಕಂಡವು)
ಬೆರಳ ತುದಿಯಲ್ಲಿ ಹಿಡಿದೆ.
ನಾಲಿಗೆಯ ಮರಳುಕಾಗದ
ಬೆರಳನ್ನೂ ಸೇರಿಸಿ ತಿಂದಿತು.

ಬೆಳಿಗ್ಗೆ ಹೋಗಿ ಡಾಕ್ಟರಿಗೆ ಹೇಳಿದೆ,
ಪಾಪನಿವೇದನೆಯ ಹಾಗೆ, ಕೈ ಕಟ್ಟಿ.
ಅವರು ಕನ್ನಡಕ ತೆಗೆದರು, ಸೆರಗಲ್ಲಿ ಒರೆಸಿದರು,
ಬಹಳ ಹೊತ್ತು ಒರೆಸಿದರು.
"ಉಗುರಿನಷ್ಟು," ಅಂದರು ಕೊನೆಗೆ.

ಪುಸ್ತಕದಲ್ಲಿ ಬರೆದುಕೊಂಡೆ.
ದೊರೆ: ಉಗುರಿನಷ್ಟು.
ಯಾರ ಉಗುರು ಎಂದು ಕೇಳಲಿಲ್ಲ.
ಮೂವತ್ತು ವರ್ಷ ಬಟ್ಟೆ ಒತ್ತಿ ಹಿಡಿದು
ನನ್ನ ಹೆಬ್ಬೆರಳಿನದು
ಸಾಕಷ್ಟು ಅಗಲವಾಗಿದೆ.