ಇಪ್ಪತ್ತೈದು ಕಿಲೊ

ಕಾರಟಗಿಯ ಮಿಲ್ಲಿನಲ್ಲಿ ನಾನು ಅಕ್ಷರ ಹಾಕುವವನು.
ತಗಡಿನಲ್ಲಿ ಕೊರೆದ ಊರು, ಸ್ಪಂಜಿನಲ್ಲಿ ನೀಲಿ,
ಚೀಲದ ಎದೆಗೆ ಒತ್ತಿದರೆ ಕೊಟೊನು.
ಓದಲು ಬಾರದ ಲಿಪಿಯನ್ನು ಹದಿನೇಳು ವರ್ಷ
ತಪ್ಪಿಲ್ಲದೆ ಬರೆದಿದ್ದೇನೆ.
ಆ ಊರು ಎತ್ತ ಎಂದರೆ, ಕಾಕಿನಾಡ ದಾಟಿ
ಆಮೇಲೆ ಬರೀ ನೀರು ಎನ್ನುತ್ತಾನೆ ಲಾರಿಯ ಈರಣ್ಣ.
ಅವನೂ ಬಂದರಿನ ಗೇಟಿನಾಚೆ ಹೋದವನಲ್ಲ.

ಸುಗ್ಗಿ ಮುಗಿದ ಮೇಲೆ ಸುದ್ದಿ ಬಂತು:
ಐವತ್ತು ಕಿಲೊ ಬೇಡ, ಇನ್ನು ಇಪ್ಪತ್ತೈದು.
ಅಲ್ಲಿ ಹಡಗಿನಿಂದ ಇಳಿದದ್ದು
ಹೆಂಗಸರ ತಲೆಯ ಮೇಲೆ ಬಜಾರಿಗೆ ಹೋಗುತ್ತದಂತೆ.
ಅವರದೊಂದು ಸಂಘವಂತೆ. ಬರೆಸಿದ್ದಾರೆ:
ನಿಮ್ಮ ಚೀಲ ನಮ್ಮ ಕುತ್ತಿಗೆಗೆ ಹೆಚ್ಚಾಯಿತು.

ಸಾಹುಕಾರರು ಕ್ಯಾಂಪಿನವರು, ಲೆಕ್ಕದಲ್ಲಿ ಗಟ್ಟಿ.
"ಅರ್ಧ ಚೀಲ, ಅರ್ಧ ಹಮಾಲಿ" ಎಂದರು.
ಗ್ಯಾನಪ್ಪ ಕೊಕ್ಕೆಯನ್ನು ಟವೆಲ್ಲಿನಲ್ಲಿ ಸುತ್ತಿಟ್ಟು ಕೂತ.
"ಭಾರ ಅರ್ಧ ಆತ್ರಿ, ಹಲಗಿ ಅರ್ಧ ಆಗಿಲ್ಲ.
ಲಾರಿಗೆ ಎರಡು ಸಲ ಹತ್ತಬೇಕು."
ಹೊಲಿಗೆಯ ಹುಲಿಗೆವ್ವ ಸೂಜಿ ಎತ್ತಿ ತೋರಿಸಿದಳು:
"ಅಕ್ಕಿ ಅಷ್ಟೇ, ಬಾಯಿ ಎರಡು. ದಾರ ಯಾರಪ್ಪಂದು?"
ನನಗೂ ಒಂದರ ಜಾಗದಲ್ಲಿ ಎರಡು ಕೊಟೊನು.
ನಾನೇನೂ ಅನ್ನಲಿಲ್ಲ. ಸ್ಪಂಜನ್ನು ಒಣಗಲು ಬಿಟ್ಟೆ.

ನಾಲ್ಕು ದಿನ ಬೆಲ್ಟು ತಿರುಗಲಿಲ್ಲ.
ಚಹಾದಂಗಡಿಯ ಟೀವಿಯಲ್ಲಿ ಎಲ್ಲಿಯದೋ ಸಭೆ,
ಬಡ ದೇಶಗಳ ವ್ಯಾಪಾರ, ಬೆಳವಣಿಗೆ.
ಉದ್ದ ಮೇಜು, ನೀರಿನ ಬಾಟಲಿ, ಗೇಣುದ್ದದ ಬಾವುಟಗಳು.
ನಮ್ಮದರ ಪಕ್ಕ ಅವರದಿತ್ತೋ ಏನೋ,
ಅವರ ಬಾವುಟ ಯಾವುದೆಂದು ನಮಗೆ ಗೊತ್ತಿರಲಿಲ್ಲ.
ಮಂಡಕ್ಕಿ ಮುಗಿಯುವವರೆಗೆ ನೋಡಿದೆವು.
ಕುತ್ತಿಗೆಯ ಮಾತು ಬರಲಿಲ್ಲ.

ಗ್ಯಾನಪ್ಪ ಒಮ್ಮೆಲೇ ಕೇಳಿದ:
"ಆ ಹೆಣ್ಮಕ್ಕಳು ಇದನ್ನ ಗೆಲ್ಲಾಕ ಎಷ್ಟು ದಿನ ಕೂತಿರಬೇಕು?"
"ನಾಲ್ಕಕ್ಕಿಂತ ಹೆಚ್ಚು," ಎಂದಳು ಹುಲಿಗೆವ್ವ.

ಐದನೆಯ ದಿನ ಮುಕ್ಕಾಲಿಗೆ ಒಪ್ಪಂದ. ದಾರ ಮಿಲ್ಲಿನದು.
ಸಾಹುಕಾರರ ತೆಲುಗು ಸಹಿ, ಅದರ ಕೆಳಗೆ ಹೆಬ್ಬೆಟ್ಟುಗಳು.
ಅರ್ಧದ ಮೇಲಿನ ಆ ಕಾಲು ಎಲ್ಲಿಂದ ಬಂತು?
ಅಕ್ಕಿಯ ದರಕ್ಕೆ ಸೇರಿ ಸಮುದ್ರ ದಾಟಿ
ಅದೇ ತಲೆಗಳ ಮೇಲೆ ಹೋಗಿ ಕೂತಿತೋ,
ನಾನು ಲೆಕ್ಕ ಹಾಕಲಿಲ್ಲ.

ಚಿಕ್ಕ ಚೀಲಕ್ಕೆ ಹಳೆಯ ತಗಡು ದೊಡ್ಡದಾಯಿತು.
ಗಂಗಾವತಿಗೆ ಹೋಗಿ ಹೊಸದು ಕೊರೆಸಬೇಕು.
ಅಲ್ಲಿಯವರೆಗೆ ಊರಿನ ಕೊನೆಯ ಅಕ್ಷರ
ಮಗ್ಗುಲಿಗೆ ಸುತ್ತಿಕೊಳ್ಳುತ್ತದೆ.

ರಾತ್ರಿ ಗೋದಾಮಿನಲ್ಲಿ ಯಾರೂ ಇಲ್ಲದಾಗ
ಒಂದನ್ನು ಎತ್ತಿ ತಲೆಯ ಮೇಲಿಟ್ಟು
ಇಪ್ಪತ್ತು ಹೆಜ್ಜೆ ನಡೆದು ನೋಡಿದೆ.
ಇದೂ ಹಗುರವೇನಲ್ಲ.